ಜಪ್ತಿ ಮಾಡುವ ಕೈಗೂ ಒಂದು ಕಾಗದ ಬೇಕು

ಮಳೆಗಾಲ ಮುಗಿದು ಕೊಯ್ಲು ಶುರುವಾಗುವ ಹೊತ್ತಿಗೆ ಮಲೆನಾಡಿನ ಕಾಡಂಚಿನ ಊರುಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಕಥೆಯಿದೆ. ಬೆಳಗಿನ ಜಾವ ಮನೆಯ ಮುಂದೆ ಜೀಪು ಬಂದು ನಿಲ್ಲುತ್ತದೆ. ನಾಲ್ಕಾರು ಮಂದಿ ಇಳಿದು ಕೊಟ್ಟಿಗೆ, ಅಟ್ಟ, ಬಚ್ಚಲೊಲೆಯ ಪಕ್ಕದ ಸೌದೆ ರಾಶಿ ಎಲ್ಲವನ್ನೂ ಜಾಲಾಡುತ್ತಾರೆ. ಹಳೆಯ ಮನೆ ಬಿಚ್ಚಿದಾಗ ಎತ್ತಿಟ್ಟಿದ್ದ ನಾಲ್ಕು ಹಲಗೆ, ಒಂದು ಕೊಡಲಿ, ಒಂದು ಗರಗಸ, ಅಂಗಳದಲ್ಲಿ ನಿಲ್ಲಿಸಿದ್ದ ಸೈಕಲ್ಲು ಜೀಪು ಏರುತ್ತವೆ. ಮನೆಯ ಯಜಮಾನ ಅವರು ತೋರಿಸಿದ ಜಾಗದಲ್ಲಿ ಸಹಿ ಹಾಕುತ್ತಾನೆ. ಹಾಳೆಯ ಮೇಲ್ಭಾಗ ಆಗಿನ್ನೂ ಖಾಲಿಯಿರುತ್ತದೆ. ಅಲ್ಲಿ ಏನು ಬರೆದರು, ಪಂಚರೆಂದು ಯಾರ ಹೆಸರು ಹಾಕಿದರು ಎಂಬುದು ಅವನಿಗೆ ತಿಳಿಯುವುದು ಎಷ್ಟೋ ಕಾಲದ ಮೇಲೆ, ನ್ಯಾಯಾಲಯದ ಕಟಕಟೆಯಲ್ಲಿ.

ಇದನ್ನು ಓದಿ, ಹಾಗಾದರೆ ನೀವು ಕಾಡುಗಳ್ಳರ ಪರವೋ ಎಂದು ಕೇಳುವವರಿದ್ದಾರೆ. ಖಂಡಿತ ಅಲ್ಲ. ರಾತ್ರೋರಾತ್ರಿ ಬೀಟೆ, ಸಾಗುವಾನಿ ಸಾಗಿಸುವ ಲಾರಿಗಳನ್ನು ಹಿಡಿಯಿರಿ, ಬಿಡಬೇಡಿ ಎಂದು ಅರ್ಜಿ ಬರೆದವರಲ್ಲಿ ನಾವೂ ಇದ್ದೇವೆ. ಕಾಡು ಉಳಿಯಬೇಕಾದರೆ ಹುಡುಕುವ, ಹಿಡಿಯುವ, ವಶಪಡಿಸಿಕೊಳ್ಳುವ ಅಧಿಕಾರ ಯಾರಿಗಾದರೂ ಇರಲೇಬೇಕು. ಆದರೆ ಆ ಅಧಿಕಾರ ಕಾಗದಕ್ಕೆ ಕಟ್ಟುಬಿದ್ದಿರಬೇಕು. ಕಳೆದ ಕೆಲವು ವರ್ಷಗಳಲ್ಲಿ ನಮ್ಮ ನ್ಯಾಯಾಲಯಗಳು ಶೋಧ ಮತ್ತು ಜಪ್ತಿಯ ಬಗ್ಗೆ ನೀಡಿರುವ ತೀರ್ಪುಗಳು ಹೆಚ್ಚುಕಡಿಮೆ ಈ ದಿಕ್ಕಿನಲ್ಲೇ ಸಾಗಿವೆ. ಅವುಗಳ ಬೆಳಕು ನಗರದ ಮೊಬೈಲು, ಲ್ಯಾಪ್‌ಟಾಪುಗಳ ಮೇಲೆ ಬಿದ್ದಷ್ಟು ಕಾಡಂಚಿನ ಕೊಟ್ಟಿಗೆಯ ಮೇಲೆ ಬಿದ್ದಿಲ್ಲ ಎಂಬುದು ನಮ್ಮ ತಕರಾರು.

ಅರವತ್ತಮೂರು ವರ್ಷಗಳ ದಾರಿ

ಸಂವಿಧಾನ ಜಾರಿಗೆ ಬಂದ ನಾಲ್ಕೇ ವರ್ಷದಲ್ಲಿ, 1954ರಲ್ಲಿ, ಎಂ.ಪಿ. ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಎಂಟು ನ್ಯಾಯಮೂರ್ತಿಗಳ ಪೀಠದ ಮುಂದೆ ಶೋಧದ ಪ್ರಶ್ನೆ ಬಂತು. ಸಮಾಜದ ರಕ್ಷಣೆಗಾಗಿ ಶೋಧ ಮತ್ತು ಜಪ್ತಿ ಪ್ರಭುತ್ವಕ್ಕೆ ಇರಲೇಬೇಕಾದ ಅಧಿಕಾರ. ಅಮೆರಿಕದ ಸಂವಿಧಾನದಲ್ಲಿರುವಂತೆ ಅದಕ್ಕೆ ಅಡ್ಡ ನಿಲ್ಲುವ ಖಾಸಗಿತನದ ಹಕ್ಕನ್ನು ನಮ್ಮ ಸಂವಿಧಾನ ನಿರ್ಮಾಪಕರು ಸೇರಿಸಿಲ್ಲ ಎಂದು ಆ ಪೀಠ ಹೇಳಿತು. 1962ರ ಖರಕ್ ಸಿಂಗ್ ತೀರ್ಪು, ಪೊಲೀಸರು ರಾತ್ರಿ ಹೊತ್ತು ಮನೆಗೆ ಬಂದು ವಿಚಾರಿಸುವ ಪದ್ಧತಿಯನ್ನು ರದ್ದುಪಡಿಸಿತಾದರೂ, ಖಾಸಗಿತನ ಮೂಲಭೂತ ಹಕ್ಕಲ್ಲ ಎಂಬ ಮಾತನ್ನೇ ಉಳಿಸಿತು.

ಈ ಎರಡು ತೀರ್ಪುಗಳ ಆ ಭಾಗ ಬಿದ್ದುಹೋದದ್ದು 2017ರ ಆಗಸ್ಟ್ 24ರಂದು. ಅರ್ಜಿದಾರರು ನಮ್ಮದೇ ರಾಜ್ಯದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಹಕ್ಕಿನೊಳಗೆ ಪ್ರಭುತ್ವ ಕೈಹಾಕಬೇಕಾದರೆ ಮೂರು ಪರೀಕ್ಷೆಗಳನ್ನು ದಾಟಬೇಕು: ಅದಕ್ಕೊಂದು ಕಾನೂನಿರಬೇಕು, ನ್ಯಾಯಯುತ ಉದ್ದೇಶವಿರಬೇಕು, ಮತ್ತು ಹಾಕುವ ಕೈ ಉದ್ದೇಶಕ್ಕೆ ತಕ್ಕಷ್ಟೇ ಉದ್ದವಿರಬೇಕು. ಎರಡು ಹೊರೆ ಸೌದೆಗಾಗಿ ಇಡೀ ಮನೆಯನ್ನು ಬುಡಮೇಲು ಮಾಡುವುದು ಈ ಮೂರನೆಯ ಪರೀಕ್ಷೆಯಲ್ಲಿ ಪಾಸಾಗುವುದೇ ಎಂಬುದು ನಾವು ಕೇಳಬೇಕಾದ ಪ್ರಶ್ನೆ.

ಕಿಸೆಯಲ್ಲಿರುವ ಮನೆ

ಪುಟ್ಟಸ್ವಾಮಿ ತೀರ್ಪಿನ ನಂತರ ಹೆಚ್ಚು ಚರ್ಚೆಯಾದದ್ದು ಮೊಬೈಲಿನ ವಿಷಯ. 2021ರ ಮಾರ್ಚ್ 12ರಂದು ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ನೀಡಿದ ತೀರ್ಪು ಇಲ್ಲಿ ಮುಖ್ಯವಾದುದು. ತುರ್ತು ಸಂದರ್ಭಗಳನ್ನು ಬಿಟ್ಟರೆ, ಮನೆಯನ್ನು ಶೋಧಿಸಲು ಬೇಕಾದಂತೆ ಫೋನನ್ನು ಶೋಧಿಸಲೂ ವಾರಂಟು ಬೇಕು. ತುರ್ತಿದ್ದರೆ ಅದರ ಕಾರಣವನ್ನು ಬರೆದಿಡಬೇಕು. ಫೋನಿನಲ್ಲಿ ಸಿಕ್ಕಿದ ಖಾಸಗಿ ಮಾಹಿತಿಯನ್ನು ಕಾಪಾಡುವ ಹೊಣೆ ತನಿಖಾಧಿಕಾರಿಯದು. ಅದನ್ನು ಬೇರೆಯವರಿಗೆ ದಾಟಿಸಿದರೆ ಅವನ ಮೇಲೆಯೇ ಕ್ರಮ ಕೈಗೊಳ್ಳಬಹುದು. ಉಪಕರಣವನ್ನು ಹೇಗೆ ವಶಪಡಿಸಿಕೊಳ್ಳಬೇಕು, ಹೇಗೆ ಛಾಯಾಚಿತ್ರ ತೆಗೆದು ಮೊಹರು ಮಾಡಬೇಕು ಎಂಬ ಸೂಚನೆಗಳನ್ನೂ ತೀರ್ಪು ನೀಡಿತು. ಒಪ್ಪಿಗೆಯಿಲ್ಲದೆ ಸುಳ್ಳುಪತ್ತೆ ಪರೀಕ್ಷೆ ನಡೆಸುವಂತಿಲ್ಲ ಎಂಬ ಸರ್ವೋಚ್ಚ ನ್ಯಾಯಾಲಯದ 2010ರ ಸೆಲ್ವಿ ತೀರ್ಪನ್ನು ಎತ್ತಿಹಿಡಿಯಿತು. ಸೆಲ್ವಿ ಪ್ರಕರಣವೂ ಕರ್ನಾಟಕದಿಂದಲೇ ಹೋದದ್ದು.

ಆದರೆ ಅದೇ ತೀರ್ಪಿನಲ್ಲಿ ನಮಗೆ ಒಪ್ಪಿಗೆಯಾಗದ ಮಾತೊಂದಿದೆ. ಫೋನಿನ ಪಾಸ್‌ವರ್ಡ್ ಕೊಡುವಂತೆ ಆದೇಶಿಸುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಬಲವಂತ ಮಾಡಿದಂತಲ್ಲ ಎಂದು ಅದು ಹೇಳುತ್ತದೆ. 2023ರ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಇದಕ್ಕೆ ವಿರುದ್ಧವಾಗಿ, ವಿಚಾರಣೆ ನಡೆಯುತ್ತಿರುವಾಗ ಆರೋಪಿಯನ್ನು ಪಾಸ್‌ವರ್ಡಿಗಾಗಿ ಬಲವಂತಪಡಿಸುವಂತಿಲ್ಲ, ಸಂವಿಧಾನದ 20(3)ನೇ ವಿಧಿ ಅವನಿಗೆ ರಕ್ಷೆ ಎಂದಿತು. ಬೆರಳಚ್ಚು ಕೊಡುವುದು ಬೇರೆ, ಮನಸ್ಸಿನಲ್ಲಿರುವುದನ್ನು ಬಾಯಿಬಿಡಿಸುವುದು ಬೇರೆ. ಪಾಸ್‌ವರ್ಡ್ ಇರುವುದು ಮನಸ್ಸಿನಲ್ಲಿ. ಆದ್ದರಿಂದ ದೆಹಲಿಯ ನಿಲುವೇ ಸರಿಯೆಂದು ನಮ್ಮ ಅಭಿಪ್ರಾಯ.

2023ರ ನವೆಂಬರಿನಲ್ಲಿ ಪತ್ರಕರ್ತರ ಸಂಘಟನೆಯೊಂದರ ಅರ್ಜಿಯ ವಿಚಾರಣೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಉಪಕರಣಗಳ ಜಪ್ತಿಗೆ ಕಟ್ಟುಪಾಡಿಲ್ಲದ ಅಧಿಕಾರವಿರುವುದು ಅಪಾಯಕಾರಿ ಎಂದು ಎಚ್ಚರಿಸಿ, ಮಾರ್ಗಸೂಚಿ ರಚಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಮರುತಿಂಗಳು ಕೇಂದ್ರವು, ಸದ್ಯಕ್ಕೆ ತನ್ನ ತನಿಖಾ ಸಂಸ್ಥೆಗಳು ಸಿ.ಬಿ.ಐ. ಕೈಪಿಡಿಯನ್ನು ಪಾಲಿಸುತ್ತವೆ ಎಂದು ತಿಳಿಸಿತು. ಗಣಿ, ಅಣೆಕಟ್ಟು, ರಸ್ತೆ ಅಗಲೀಕರಣಗಳ ವಿರುದ್ಧದ ಸಭೆಗಳನ್ನು ಫೋನಿನಲ್ಲಿ ಚಿತ್ರೀಕರಿಸುವ ನಮ್ಮ ವಿದ್ಯಾರ್ಥಿಗಳಿಗೆ ಇದು ದೂರದ ಸುದ್ದಿಯಲ್ಲ. ಒಂದು ಫೋನು ಹೋದರೆ ಹೋಗುವುದು ಒಬ್ಬನ ಗುಟ್ಟಲ್ಲ. ಅವನೊಡನೆ ಮಾತಾಡಿದ ಇಡೀ ಊರಿನ ಗುಟ್ಟು.

ಮನೆ, ನೆಲ, ಬಾಗಿಲು

ಮನೆ ಮತ್ತು ನೆಲದ ಬಗ್ಗೆಯೂ ಎರಡು ತೀರ್ಪುಗಳನ್ನು ಹಳ್ಳಿಯವರು ನೆನಪಿಡಬೇಕು. 2019ರ ಸೆಪ್ಟೆಂಬರ್ 24ರಂದು ಸರ್ವೋಚ್ಚ ನ್ಯಾಯಾಲಯದ ಮೂವರ ಪೀಠ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 102ನೇ ಸೆಕ್ಷನ್ನಿನಡಿ ಪೊಲೀಸರು ವಶಪಡಿಸಿಕೊಳ್ಳಬಹುದಾದ ಸ್ವತ್ತಿನಲ್ಲಿ ಜಮೀನು, ಮನೆಯಂಥ ಸ್ಥಿರಾಸ್ತಿ ಸೇರುವುದಿಲ್ಲ ಎಂದು ಸ್ಪಷ್ಟಪಡಿಸಿತು. 2025ರ ಜೂನ್‌ನಲ್ಲಿ ಕೇರಳ ಉಚ್ಚ ನ್ಯಾಯಾಲಯ, ರೌಡಿಪಟ್ಟಿಯಲ್ಲಿ ಹೆಸರಿರುವವನದೇ ಆಗಲಿ, ನಿಗಾ ಇಡುವ ನೆಪದಲ್ಲಿ ಮನೆಯ ಬಾಗಿಲನ್ನು ರಾತ್ರಿ ಹೊತ್ತು ಬಡಿಯುವ ಹಕ್ಕು ಪೊಲೀಸರಿಗಿಲ್ಲ ಎಂದಿತು. ಕೇರಳದ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೆ ಘಟ್ಟದ ಆಚೆಯ ಹೊಸಿಲಿಗೆ ಇರುವ ಮರ್ಯಾದೆ ಈಚೆಯ ಹೊಸಿಲಿಗೆ ಯಾಕಿರಬಾರದು?

ಇದರ ನಡುವೆ ಕಾನೂನೇ ಬದಲಾಯಿತು. 2024ರ ಜುಲೈ 1ರಿಂದ ಹಳೆಯ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 103ನೇ ಸೆಕ್ಷನ್ ಹೇಳುವುದಿಷ್ಟು: ಶೋಧಕ್ಕೆ ಮೊದಲು ಆ ಪ್ರದೇಶದ ಇಬ್ಬರು ಅಥವಾ ಹೆಚ್ಚು ಸ್ವತಂತ್ರ, ಗೌರವಸ್ಥ ನಿವಾಸಿಗಳನ್ನು ಕರೆಯಬೇಕು. ಸಿಕ್ಕ ವಸ್ತುಗಳ ಮತ್ತು ಅವು ಸಿಕ್ಕ ಜಾಗಗಳ ಪಟ್ಟಿ ಮಾಡಿ ಅವರಿಂದ ಸಹಿ ಪಡೆಯಬೇಕು. ಮನೆಯವರನ್ನು ಜೊತೆಯಲ್ಲಿರಲು ಬಿಡಬೇಕು, ಪಟ್ಟಿಯ ಪ್ರತಿಯನ್ನು ಅವರಿಗೆ ಕೊಡಬೇಕು. ಹೆಂಗಸಿನ ಮೈ ತಪಾಸಣೆಯನ್ನು ಹೆಂಗಸೇ, ಮರ್ಯಾದೆಗೆ ಕುಂದಾಗದಂತೆ ಮಾಡಬೇಕು. ಇವೆಲ್ಲ ಹಳೆಯ ಕಾನೂನಿನಲ್ಲೂ ಇದ್ದವು. ಹೊಸತೆಂದರೆ 105ನೇ ಸೆಕ್ಷನ್: ಶೋಧ, ಜಪ್ತಿ, ಪಟ್ಟಿ ತಯಾರಿ ಮತ್ತು ಸಹಿ ಎಲ್ಲವನ್ನೂ ಧ್ವನಿಸಹಿತ ವಿಡಿಯೋ ಮಾಡಿ, ತಡವಿಲ್ಲದೆ ದಂಡಾಧಿಕಾರಿಗೆ ಕಳುಹಿಸಬೇಕು. ಖಾಲಿ ಹಾಳೆಗೆ ಸಹಿ ಹಾಕಿಸುವ ಹಳೆಯ ರೂಢಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಆದರೆ 105ನೇ ಸೆಕ್ಷನ್ನಿನ ಭಾಷೆ ವಿಡಿಯೋ ಕಳುಹಿಸುವ ಹೊಣೆಯನ್ನು ಹೊರಿಸಿರುವುದು ಪೊಲೀಸ್ ಅಧಿಕಾರಿಯ ಮೇಲೆ. ಕಾಡಂಚಿನ ಮನೆಗೆ ಬರುವ ಜೀಪು ಬಹುಪಾಲು ಪೊಲೀಸರದಲ್ಲ.

ಅರಣ್ಯ ಕಾನೂನಿನ ಎರಡು ಮುಖ

1963ರ ಕರ್ನಾಟಕ ಅರಣ್ಯ ಕಾಯ್ದೆಯ 62ನೇ ಸೆಕ್ಷನ್, ಅರಣ್ಯ ಅಪರಾಧ ನಡೆದಿದೆ ಎಂದು ನಂಬಲು ಕಾರಣವಿದ್ದರೆ ಅರಣ್ಯೋತ್ಪನ್ನವನ್ನೂ, ಅದಕ್ಕೆ ಬಳಸಿದ ಹತಾರ, ವಾಹನ, ದನಗಳನ್ನೂ ಜಪ್ತಿ ಮಾಡುವ ಅಧಿಕಾರವನ್ನು ಅರಣ್ಯಾಧಿಕಾರಿಗೂ ಪೊಲೀಸರಿಗೂ ಕೊಡುತ್ತದೆ. ಜಪ್ತಿಯಾದ ವಸ್ತುವಿಗೆ ಗುರುತು ಹಾಕಬೇಕು, ವರದಿ ಸಲ್ಲಿಸಬೇಕು. 71-ಎ ಸೆಕ್ಷನ್ನಿನಡಿ ಮರ ಮುಂತಾದ ಸರ್ಕಾರಿ ಸ್ವತ್ತಿನ ಪ್ರಕರಣಗಳಲ್ಲಿ, ಅರಣ್ಯ ಇಲಾಖೆಯದೇ ಅಧಿಕೃತ ಅಧಿಕಾರಿ ವಾಹನವನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಬಹುದು. ನೋಟಿಸು, ಅಹವಾಲು, ಸೆಷನ್ಸ್ ನ್ಯಾಯಾಧೀಶರಿಗೆ ಮೇಲ್ಮನವಿ ಎಲ್ಲವೂ ಕಾಯ್ದೆಯಲ್ಲಿವೆ. ಆದರೂ ಹಿಡಿಯುವವರೂ ಮೊದಲ ತೀರ್ಮಾನ ಕೊಡುವವರೂ ಒಂದೇ ಇಲಾಖೆಯವರು ಎಂಬುದನ್ನು ಮರೆಯುವಂತಿಲ್ಲ.

2000ದಲ್ಲಿ ಕರ್ನಾಟಕದಿಂದಲೇ ಹೋದ ಕೆ. ಕೃಷ್ಣನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಅರಣ್ಯ ಅಪರಾಧದಲ್ಲಿ ಹಿಡಿದ ವಾಹನವನ್ನು ಎಲ್ಲ ಕ್ರಮಗಳು ಮುಗಿಯುವವರೆಗೆ ಸಾಮಾನ್ಯವಾಗಿ ಬಿಡಬಾರದು, ಅಪರೂಪಕ್ಕೆ ಬಿಡುವುದಿದ್ದರೆ ಕನಿಷ್ಠ ಬ್ಯಾಂಕ್ ಗ್ಯಾರಂಟಿಯನ್ನಾದರೂ ಪಡೆಯಬೇಕು ಎಂದು ತೀರ್ಪಿತ್ತಿತು. ಹಿಡಿದ ಲಾರಿ ವಾರದೊಳಗೆ ಬಿಡುಗಡೆಯಾಗಿ ಮತ್ತೆ ಅದೇ ಕಾಡಿಗೆ ಹೋಗುವುದನ್ನು ಕಂಡವರಿಗೆ ಈ ತೀರ್ಪು ಹಿತವೇ. ಆದರೆ ಅದರೊಳಗಿನ ವಿಪರ್ಯಾಸವನ್ನು ನೋಡಿ. ಲಾರಿಯ ಮಾಲೀಕನಿಗೆ ಬ್ಯಾಂಕ್ ಗ್ಯಾರಂಟಿ ಕೊಡುವುದು ಒಂದು ದಿನದ ಕೆಲಸ. ಬಾಡಿಗೆ ಆಟೋ ಓಡಿಸುವವನಿಗೆ, ಹಳೆಯ ಮೋಟಾರು ಸೈಕಲ್ಲಿನ ಒಡೆಯನಿಗೆ ಅದು ಈ ಜನ್ಮದಲ್ಲಿ ಆಗದ ಮಾತು. ದೊಡ್ಡ ಕಳ್ಳನನ್ನು ತಡೆಯಲು ಹಾಕಿದ ಬೇಲಿಯಲ್ಲಿ ಅವನಿಗೆ ಮಾತ್ರ ಒಂದು ತಡಮೆ ಉಳಿಯಿತು.

ಬೇರೆ ಕಾನೂನುಗಳಲ್ಲಿ ಗಾಳಿ ಬೇರೆಯಾಗಿ ಬೀಸಿದೆ. 2002ರ ಸುಂದರ್‌ಭಾಯ್ ಅಂಬಾಲಾಲ್ ದೇಸಾಯಿ ತೀರ್ಪು, ವಾಹನಗಳನ್ನು ಠಾಣೆಯ ಮುಂದೆ ತುಕ್ಕು ಹಿಡಿಯಲು ಬಿಡದೆ, ಮಹಜರು ಮತ್ತು ಛಾಯಾಚಿತ್ರದ ನಂತರ ಮುಚ್ಚಳಿಕೆ ಪಡೆದು ಹಿಂದಿರುಗಿಸಿ ಎಂದಿತು. 2008ರ ಮಧುಕರ್ ರಾವ್ ತೀರ್ಪು, ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹಿಡಿದ ಮಾತ್ರಕ್ಕೆ ವಾಹನ ಸರ್ಕಾರದ ಸ್ವತ್ತಾಗುವುದಿಲ್ಲ, ವಿಚಾರಣೆಯ ಕಾಲದಲ್ಲಿ ದಂಡಾಧಿಕಾರಿ ಅದನ್ನು ಬಿಡಬಹುದು ಎಂದಿತು. 2025ರ ಜನವರಿ 7ರಂದು ಅಸ್ಸಾಮಿನ ಲಾರಿಯೊಂದರ ಪ್ರಕರಣದಲ್ಲಿ, ಮಾದಕವಸ್ತು ಕಾಯ್ದೆಯಂಥ ಕಠಿಣ ಕಾನೂನಿನಡಿಯಲ್ಲೂ ವಿಡಿಯೋ ಮತ್ತು ಛಾಯಾಚಿತ್ರ ತೆಗೆದು ವಾಹನವನ್ನು ತಾತ್ಕಾಲಿಕವಾಗಿ ಬಿಡಲು ಅಡ್ಡಿಯಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಸಾಲ ಮಾಡಿ ಕೊಂಡ ಆ ಲಾರಿಯೇ ಅದರ ಒಡೆಯನ ಜೀವನಾಧಾರವಾಗಿತ್ತು. ಮಾದಕವಸ್ತು ಸಿಕ್ಕ ಲಾರಿಗೆ ದೊರೆತ ಈ ಅನುಕಂಪ ಕಾಡಂಚಿನ ಬಡವನ ಸೈಕಲ್ಲಿಗೂ ದೊರೆಯಬೇಡವೇ?

ಇನ್ನೊಂದು ಮಾತು. 2006ರ ಅರಣ್ಯ ಹಕ್ಕು ಕಾಯ್ದೆ, ಜೇನು, ಬಿದಿರು, ಬೆತ್ತ, ಗಿಡಮೂಲಿಕೆಯಂಥ ಕಿರು ಅರಣ್ಯೋತ್ಪನ್ನಗಳನ್ನು ಪರಂಪರೆಯಿಂದ ಸಂಗ್ರಹಿಸುತ್ತ ಬಂದ ಅರಣ್ಯವಾಸಿಗಳಿಗೆ ಅವುಗಳ ಒಡೆತನದ ಹಕ್ಕನ್ನೇ ಕೊಟ್ಟಿದೆ. 2008ರ ನಿಯಮಗಳು ಸಾಗಣೆಯನ್ನು ತಲೆಹೊರೆ, ಸೈಕಲ್ಲು, ಕೈಗಾಡಿಗೆ ಸೀಮಿತಗೊಳಿಸಿದ್ದವು. 2012ರ ತಿದ್ದುಪಡಿ ಅದನ್ನು ಸೂಕ್ತ ಸಾರಿಗೆ ಎಂದು ವಿಸ್ತರಿಸಿ, ಸಾಗಣೆ ಪರವಾನಗಿ ಕೊಡುವ ಅಧಿಕಾರವನ್ನು ಗ್ರಾಮಸಭೆಯ ಕಡೆಗೆ ತಂದಿತು. ಹಕ್ಕುಳ್ಳವನ ಸೈಕಲ್ಲಿನಿಂದ ಸೀಗೆಕಾಯಿ ಚೀಲವನ್ನು ಇಳಿಸಿಕೊಳ್ಳುವವರು ಕಾನೂನು ಪಾಲಿಸುತ್ತಿಲ್ಲ, ಮುರಿಯುತ್ತಿದ್ದಾರೆ.

ಕಾಗದ ಯಾಕೆ ಬೇಕು

ನಮ್ಮ ಶೋಧ ಕಾನೂನಿನಲ್ಲಿ ಒಂದು ದೊಡ್ಡ ತೂತಿದೆ. 1973ರ ಡಿಸೆಂಬರಿನಲ್ಲಿ ಪೂರಣ್‌ಮಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಶೋಧ ಕಾನೂನುಬಾಹಿರವಾಗಿದ್ದರೂ ಅದರಲ್ಲಿ ಸಿಕ್ಕ ಸಾಕ್ಷ್ಯವನ್ನು ಅಷ್ಟಕ್ಕೇ ತಳ್ಳಿಹಾಕಬೇಕಾಗಿಲ್ಲ ಎಂದಿತು. ಅಮೆರಿಕದಲ್ಲಿ 1961ರ ಮ್ಯಾಪ್ ತೀರ್ಪಿನ ನಂತರ ನಿಯಮ ಬೇರೆ: ಅಕ್ರಮ ಶೋಧದಲ್ಲಿ ಸಿಕ್ಕದ್ದನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ನಮ್ಮಲ್ಲಿ 1999ರ ಬಲದೇವ್ ಸಿಂಗ್ ತೀರ್ಪು ಮಾದಕವಸ್ತು ಕಾಯ್ದೆಯ ಮೈ ತಪಾಸಣೆಯ ಮಟ್ಟಿಗೆ ಕಟ್ಟುನಿಟ್ಟನ್ನು ತಂದಿದೆಯಾದರೂ, ಸಾಮಾನ್ಯ ನಿಯಮ ಹಳೆಯದೇ. ತಪ್ಪು ಮಾಡಿದ ಅಧಿಕಾರಿಗೆ ನಷ್ಟವೇನೂ ಇಲ್ಲದಿದ್ದಾಗ ನಿಯಮ ಪುಸ್ತಕದಲ್ಲೇ ಉಳಿಯುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಇಲ್ಲಿ ನಿಜವಾಗುತ್ತದೆ.

ಅರಣ್ಯ ಸಿಬ್ಬಂದಿಯ ಕಷ್ಟ ನಮಗೆ ತಿಳಿಯದ್ದಲ್ಲ. ನೂರಾರು ಎಕರೆ ಕಾಡಿಗೆ ಒಬ್ಬ ಗಾರ್ಡು. ಎದುರಿಗೆ ಕೆಲವೊಮ್ಮೆ ಬಂದೂಕು ಹಿಡಿದ ಕಳ್ಳರು. ನಟ್ಟಿರುಳಲ್ಲಿ ಪಂಚರನ್ನು ಎಲ್ಲಿಂದ ತರೋಣ ಎಂದು ಅವರು ಕೇಳುವುದರಲ್ಲಿ ಅರ್ಥವಿದೆ. ಕಾಡಿನ ನಡುವೆ ಲಾರಿ ಹಿಡಿಯುವಾಗಿನ ತುರ್ತನ್ನು ನಾವು ಒಪ್ಪುತ್ತೇವೆ. ಆದರೆ ಎಲ್ಲಿಗೂ ಓಡಿಹೋಗದ ಮನೆಯನ್ನು ಶೋಧಿಸುವಾಗ ಯಾವ ತುರ್ತು? ಅಲ್ಲದೆ, ಒಳ್ಳೆಯ ಮಹಜರು ಪ್ರಾಮಾಣಿಕ ಸಿಬ್ಬಂದಿಗೂ ಬಲ. ಊರಿನ ಗುರುತೇ ಇಲ್ಲದ ಪಂಚರು, ಹೊಂದದ ಹೊತ್ತು, ಲೆಕ್ಕ ತಪ್ಪಿದ ದಿಮ್ಮಿಗಳು ಇರುವ ಮಹಜರು ಪಾಟೀಸವಾಲಿನಲ್ಲಿ ನಿಲ್ಲುವುದಿಲ್ಲ. ದುಬಾರಿ ವಕೀಲನನ್ನಿಟ್ಟ ಕಳ್ಳ ಆ ಬಿರುಕಿನಿಂದಲೇ ನುಸುಳಿ ಹೋಗುತ್ತಾನೆ. ವಕೀಲನಿಲ್ಲದ ಬಡವ ತಪ್ಪೊಪ್ಪಿ ದಂಡ ಕಟ್ಟುತ್ತಾನೆ. ಹೀಗೆ ಕೆಟ್ಟ ಕಾಗದ ಕಾಡನ್ನೂ ಕಾಯುವುದಿಲ್ಲ, ಮನೆಯನ್ನೂ ಕಾಯುವುದಿಲ್ಲ.

ನಾವು ಕೇಳುವುದೇನು, ಮಾಡಬೇಕಾದದ್ದೇನು

ಸರ್ಕಾರಕ್ಕೆ ನಮ್ಮ ಬೇಡಿಕೆ ನಾಲ್ಕು. ಅರಣ್ಯ ಸಿಬ್ಬಂದಿ ನಡೆಸುವ ಪ್ರತಿಯೊಂದು ಮನೆ ಶೋಧಕ್ಕೂ ವಿಡಿಯೋ ಮತ್ತು ಪಟ್ಟಿಯ ಪ್ರತಿ ಕಡ್ಡಾಯವೆಂದು ಸುತ್ತೋಲೆ ಹೊರಡಲಿ. ಮಹಜರು ಹಾಳೆಗಳು ಕ್ರಮಸಂಖ್ಯೆಯೊಡನೆ, ಕನ್ನಡದಲ್ಲಿ, ಎರಡು ಪ್ರತಿಗಳಲ್ಲಿ ಇರಲಿ. ಸೈಕಲ್ಲು, ಕತ್ತಿ, ಕೊಡಲಿಯಂಥವುಗಳನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಡುವ ಅವಕಾಶ ಬರಲಿ. ಮುಟ್ಟುಗೋಲಿನ ಮೊದಲ ತೀರ್ಮಾನ ಹಿಡಿದ ಇಲಾಖೆಯ ಹೊರಗಿನವರಿಂದ ಆಗಲಿ.

ಇನ್ನು ನಮ್ಮ ಪಾಲಿನ ಕೆಲಸ. ಶೋಧಕ್ಕೆ ಬಂದವರನ್ನು ಬಲದಿಂದ ತಡೆಯಬೇಡಿ. ಅದು ಇನ್ನೊಂದು ಪ್ರಕರಣಕ್ಕೆ ದಾರಿ. ಯಾವ ಕಾನೂನಿನಡಿ, ಯಾವ ಕಾರಣಕ್ಕೆ ಬಂದಿದ್ದೀರಿ ಎಂದು ಕೇಳಿ. ನೆರೆಮನೆಯವರನ್ನು ಪಂಚರಾಗಿ ಕರೆಯಿರೆಂದು ಹೇಳಿ, ಕೊನೆಯವರೆಗೂ ಜೊತೆಯಲ್ಲೇ ಇರಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಬರೆದದ್ದು ಒಪ್ಪಿಗೆಯಾಗದಿದ್ದರೆ ತಕರಾರನ್ನು ಸಹಿಯ ಮೇಲೆಯೇ ತಾರೀಕು, ಹೊತ್ತು ಸಹಿತ ಬರೆಯಿರಿ. ಪ್ರತಿ ಕೇಳಿ. ಫೋನು ಹೋಗುತ್ತಿದ್ದರೆ ಅದರ ಗುರುತಿನ ಸಂಖ್ಯೆಯನ್ನು ಬರೆಸಿ, ಎದುರಲ್ಲೇ ಮೊಹರು ಮಾಡಲು ಹೇಳಿ. ನೋಟಿಸು ಬಂದರೆ ಅವಧಿಯೊಳಗೆ ಉತ್ತರ ಕೊಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ವರಮಾನದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುತ್ತದೆ. ಉಳಿದ ಬಡವರಿಗೂ ಅವಕಾಶವಿದೆ.

ವಿದ್ಯಾರ್ಥಿ ಮಿತ್ರರಿಗೆ ಕೊನೆಯ ಮಾತು. ಪಂಚನಾದರೆ ಜೀವನವಿಡೀ ನ್ಯಾಯಾಲಯಕ್ಕೆ ಅಲೆಯಬೇಕು ಎಂಬ ಹೆದರಿಕೆ ಹಳ್ಳಿಗಳಲ್ಲಿ ಆಳವಾಗಿದೆ. ವಿಶೇಷವಾಗಿ ಸಮನ್ಸು ಬಂದ ಹೊರತು ಶೋಧದ ಪಂಚರು ನ್ಯಾಯಾಲಯಕ್ಕೆ ಹೋಗಬೇಕಾಗಿಲ್ಲ ಎಂದು 103ನೇ ಸೆಕ್ಷನ್ನೇ ಹೇಳುತ್ತದೆ. ಓದು ಬಲ್ಲ ಇಬ್ಬರು ಹುಡುಗರೋ ಹುಡುಗಿಯರೋ ನೆರೆಮನೆಯ ಅಂಗಳದಲ್ಲಿ ನಿಂತು, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದರೆ ಎಷ್ಟೋ ಅನ್ಯಾಯ ಅಲ್ಲೇ ನಿಲ್ಲುತ್ತದೆ. ನಿಜವಾದ ಕಳ್ಳಮಾಲು ಸಿಕ್ಕರೆ ಅದನ್ನೂ ಅಷ್ಟೇ ಗಟ್ಟಿಯಾಗಿ ಓದಿ, ಸಹಿ ಹಾಕಿ. ಕಾಡಿನ ಪರ ನಿಲ್ಲುವುದೂ ನೆರೆಯವನ ಪರ ನಿಲ್ಲುವುದೂ ಆ ಅಂಗಳದಲ್ಲಿ ಒಂದೇ ಕೆಲಸ.